ಒಂದು ಮೊಳ ಎತ್ತರದ ತೀರ್ಥ

ಎರಡು ವರ್ಷ ನಾನು ಕೈ ಬಚ್ಚಿಟ್ಟುಕೊಂಡು ಬದುಕಿದೆ. ಬೇರೆಯವರಾದರೆ ಜೇಬಿಗೆ ಹಾಕಿಕೊಳ್ಳಬಹುದಿತ್ತು. ನಾನು ಅರ್ಚಕ. ಪಂಚೆಗೆ ಜೇಬಿಲ್ಲ, ಮೇಲಾಗಿ ನನ್ನ ಕೆಲಸವೇ ಜನರ ಮುಂದೆ ಕೈ ಚಾಚುವುದು. ಕೈ ಬಚ್ಚಿಟ್ಟುಕೊಂಡು ತೀರ್ಥ ಕೊಡುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಪಾಠ ಹೇಳಬಲ್ಲೆ. ಉತ್ತರೀಯವನ್ನು ಬಲಗೈ ಬೆರಳಿನ ಗೆಣ್ಣಿನವರೆಗೆ ಎಳೆದುಕೊಳ್ಳಬೇಕು. ಎಡಗೈಯಲ್ಲಿ ಗಂಟೆ ಹಿಡಿದೇ ಇರಬೇಕು. ಸಾಲಿನಲ್ಲಿರುವವರು ಕೈ ನೋಡದ ಹಾಗೆ ಏನಾದರೂ ಬೈಯುತ್ತಾ ಇರಬೇಕು. ಕೊನೆಯದು ನನಗೆ ಸುಲಭವಾಗಿತ್ತು, ನನ್ನ ಬಾಯಿ ಮೊದಲಿನಿಂದಲೂ ಜೋರು.

ಇದನ್ನು ಬರೆಯುತ್ತಿರುವುದು, ಹೀಗೆ ಬಚ್ಚಿಟ್ಟುಕೊಂಡವರು ಎಷ್ಟು ಜನ ಇದ್ದಾರೆ ಎನ್ನುವುದನ್ನು ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕಂಡದ್ದರಿಂದ. ಹೇಳುವುದಾದರೆ ನಾಚಿಕೆಯ ಭಾಗವನ್ನೂ ಹೇಳಬೇಕು. ಅದನ್ನು ಬಿಟ್ಟರೆ ಇದು ಬರೀ ಮುಲಾಮಿನ ಜಾಹೀರಾತು ಆಗಿಬಿಡುತ್ತದೆ.

ಬೇಲೂರಿನ ದೊಡ್ಡ ದೇವಸ್ಥಾನ ನೋಡಲು ಬರುವ ಬಸ್ಸುಗಳು ನಮ್ಮ ಬೀದಿಗೆ ತಿರುಗುವುದಿಲ್ಲ. ನಮ್ಮದು ಸಣ್ಣ ಆಂಜನೇಯನ ಗುಡಿ. ಶಿಲಾಬಾಲಿಕೆಯೂ ಇಲ್ಲ, ಗೈಡೂ ಇಲ್ಲ. ಶನಿವಾರ ಮಾತ್ರ ಬಾಗಿಲ ಹೊರಗಿನವರೆಗೆ ಸಾಲು ನಿಲ್ಲುತ್ತದೆ. ತಾತ ಪೂಜೆ ಮಾಡಿದರು, ಅಪ್ಪ ಮಾಡಿದರು, ಈಗ ನಾನು. ಮೈಯಲ್ಲಿ ರೋಗ ಇರುವವನು ಗರ್ಭಗುಡಿಯ ಹೊಸ್ತಿಲು ದಾಟಬಾರದು ಅಂತ ಅಪ್ಪ ನನಗೆ ಹನ್ನೆರಡನೇ ವಯಸ್ಸಿಗೇ ಹೇಳಿಕೊಟ್ಟಿದ್ದರು. ಅದನ್ನು ಬೇರೆಯವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಶುರುವಾಗಿದ್ದು ಒಂದು ಮಾಗಿಯಲ್ಲಿ. ಉಂಗುರದ ಬೆರಳಿನ ಬುಡದಲ್ಲಿ ಸ್ವಲ್ಪ ನವೆ. ಆಮೇಲೆ ಬೆರಳ ಸಂದಿ ಕೆಂಪಾಯಿತು, ಸಿಪ್ಪೆ ಏಳತೊಡಗಿತು. ಸಂಕ್ರಾಂತಿ ಹೊತ್ತಿಗೆ ಗೆಣ್ಣುಗಳ ಮೇಲೆ ಚರ್ಮ ಬಿರಿದು, ಕೈ ಮಡಿಸಿದರೆ ರಕ್ತ ಒಸರುತ್ತಿತ್ತು. ಅಭಿಷೇಕದ ತಣ್ಣೀರು ತಾಗಿದರೆ ಉರಿ, ಅರಿಶಿನ ತಾಗಿದರೆ ಉರಿ. ಹುಣಸೆಹಣ್ಣು ಹಾಕಿ ಹಿತ್ತಾಳೆ ಪಾತ್ರೆ ಉಜ್ಜುವಾಗಂತೂ ಕಣ್ಣಲ್ಲಿ ನೀರು ಬರುತ್ತಿತ್ತು.

ನಾನು ಮಾಡಿದ್ದೇನು? ಮಡಿ ಕೆಟ್ಟಿದೆ ಅಂದುಕೊಂಡೆ. ಎಲ್ಲೋ ಏನೋ ಮುಟ್ಟಿದ್ದೇನೆ, ಕೊಳೆ ಅಂಟಿದೆ, ತೊಳೆದರೆ ಹೋಗುತ್ತದೆ. ಸರಿ, ತೊಳೆದೆ. ಸೋಪು ಹಾಕಿ ತೊಳೆದೆ, ಬಿಸಿನೀರಲ್ಲಿ ತೊಳೆದೆ, ಸೀಗೆಪುಡಿ ಹಾಕಿ ಉಜ್ಜಿದೆ. ವಾಸಿಯಾಗದೆ ಇದ್ದಾಗ ಇನ್ನೂ ಜಾಸ್ತಿ ತೊಳೆದೆ. ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬು ಹಚ್ಚಿದರೆ ಮೂರು ದಿನದಲ್ಲಿ ಮಾಯ, ನಿಲ್ಲಿಸಿದರೆ ಎಂಟು ದಿನಕ್ಕೆ ಮೊದಲಿಗಿಂತ ಜೋರು. ಹಚ್ಚಿದ್ದನ್ನೂ ಪೂಜೆಗೆ ಮೊದಲು ಸೋಪು ಹಾಕಿ ತೆಗೆಯುತ್ತಿದ್ದೆ. ಮುಲಾಮು ಮೈಲಿಗೆಯಲ್ಲವೇ, ಅದರೊಳಗೆ ಏನೇನು ಸೇರಿದೆಯೋ ಯಾರಿಗೆ ಗೊತ್ತು.

ಒಂದು ವಿಚಿತ್ರ ಗಮನಿಸಿದ್ದೆ. ಹನುಮಪ್ಪನಿಗೆ ಬೆಣ್ಣೆ ಅಲಂಕಾರ ಮಾಡಿದ ದಿನ ನನ್ನ ಕೈಗೆ ಸುಖ. ಎರಡು ಗಂಟೆ ಬೆಣ್ಣೆಯಲ್ಲಿ ಕೈಯಾಡಿಸಿ ಕಲ್ಲಿಗೆ ಮೆತ್ತುತ್ತಿದ್ದರೆ ಬಿರುಕುಗಳು ಮೆತ್ತಗಾಗುತ್ತಿದ್ದವು. ದೇವರು ಕರುಣೆ ತೋರಿಸಿದ ಅಂದುಕೊಳ್ಳುತ್ತಿದ್ದೆ. ಅಲಂಕಾರ ಮುಗಿದ ಕೂಡಲೇ ಜಿಡ್ಡು ಹೋಗಲಿ ಅಂತ ಪಾತ್ರೆ ತಿಕ್ಕುವ ಪುಡಿ ಹಾಕಿ ಕೈ ಉಜ್ಜಿಕೊಂಡು, ಆ ಕರುಣೆಯನ್ನು ಬಚ್ಚಲಿಗೆ ಬಿಡುತ್ತಿದ್ದೆ. ಎಂಥಾ ಬುದ್ಧಿವಂತ ನೋಡಿ.

ನನ್ನ ಹೆಂಡತಿ ಸಾವಿತ್ರಿ ಒಂದು ದಿನ ಊಟ ಬಡಿಸುತ್ತಾ ಕೈ ನೋಡಿದಳು. ಆವತ್ತು ಕೈ ಬಿರಿದು ಸಾರನ್ನ ಕಲಸಲಾಗದೆ ಚಮಚ ಕೇಳಿದ್ದೆ.

"ಊರಿಗೆಲ್ಲ ನಾಗದೋಷ ಅಂತ ಹೇಳೋರು ನೀವು," ಅಂದಳು. "ನಿಮ್ಮನ್ನ ಯಾವ ಹಾವು ಹಿಡ್ಕೊಂಡಿದೆ, ಅದನ್ನೂ ಹೇಳಿ."

"ಸುಮ್ನೆ ಬಡಿಸೇ," ಅಂದೆ.

"ಬಡಿಸ್ತೀನಿ. ಡಾಕ್ಟ್ರ ಹತ್ರ ಹೋಗೋ ತನಕ ದಿನಾ ಇದನ್ನೇ ಬಡಿಸ್ತೀನಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಾರಾದರೂ ಮೈ ಮೇಲಿನ ತುರಿಕೆಯೋ ಕಲೆಯೋ ತೋರಿಸಿದರೆ ನಾನು ಕಣ್ಣು ಮುಚ್ಚಿ ತೆಗೆದು, ನಾಗನ ದೋಷ ಅನ್ನುತ್ತಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನಗೇ ಬಂದಾಗ ನಾಗನ ನೆನಪೂ ಆಗಲಿಲ್ಲ, ಮೆಡಿಕಲ್ ಶಾಪಿಗೆ ಓಡಿದೆ.

ಆದರೂ ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಅವರು ಏನಾದರೂ ದೊಡ್ಡ ಹೆಸರು ಹೇಳಿಬಿಟ್ಟರೆ? ಬೇಲೂರು ಎಷ್ಟು ದೊಡ್ಡ ಊರು, ಸಂಜೆಯೊಳಗೆ ಸುದ್ದಿ ನಮ್ಮ ಬೀದಿಗೆ ಬರುತ್ತದೆ. ಗುಡಿ ಸಮಿತಿಯವರು, ನೀವು ಇನ್ನು ಒಳಗೆ ಹೋಗಬೇಡಿ ಅಂದರೆ ನಾನು ಏನು? ಆ ಎಂಟಡಿ ಅಗಲದ ಕತ್ತಲೆ ಕೋಣೆ ಬಿಟ್ಟರೆ ನನಗೆ ಬೇರೆ ಏನೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ಕರ್ಪೂರದ ಬೆಂಕಿ ತಾಗಿತು ಅನ್ನುತ್ತಿದ್ದೆ. ಎರಡು ವರ್ಷ ಒಂದೇ ಕರ್ಪೂರ ತಾಗಿತು.

ಕೊನೆಗೆ ಒಂದು ಶನಿವಾರ ಕೈ ಬಯಲಾಯಿತು. ಸಾಲಿನಲ್ಲಿ ಹೊಸಬರು, ಒಬ್ಬ ಹೆಣ್ಣುಮಗಳು, ಕಂಕುಳಲ್ಲಿ ಕೂಸು. ಅಂಗೈ ಚಾಚಿದಳು. ನಾನು ಉದ್ಧರಣೆಯಲ್ಲಿ ತೀರ್ಥ ತೆಗೆದು ಬಗ್ಗಿದೆ, ಉತ್ತರೀಯ ಜಾರಿತು. ಅವಳು ನನ್ನ ಬೆರಳು ನೋಡಿದಳು, ನನ್ನ ಮುಖ ನೋಡಿದಳು, ಅಂಗೈ ಹಿಂದಕ್ಕೆ ತೆಗೆದುಕೊಂಡಳು. "ಕೂಸಿಗೆ ನೆಗಡಿ ಆಗೈತೆ, ತೀರ್ಥ ಬ್ಯಾಡ ಬಿಡಿ," ಅಂದಳು. ನಾನು ಅವಳ ಕೂಸಿಗೆ ಕೊಡಲು ಹೋಗಿರಲಿಲ್ಲ, ಅವಳಿಗೆ ಕೊಡಲು ಹೋಗಿದ್ದೆ. ತೀರ್ಥ ಉದ್ಧರಣೆಯಿಂದ ನೆಲಕ್ಕೆ ಚೆಲ್ಲಿತು.

ಉಳಿದ ಸಾಲನ್ನು ಹೇಗೆ ಮುಗಿಸಿದೆನೋ ಕಾಣೆ. ಆ ಸಾಲಿನ ಕೊನೆಯಲ್ಲಿ ಎಂದಿನಂತೆ ರಂಗಪ್ಪ ನಿಂತಿದ್ದ.

ರಂಗಪ್ಪನ ವಿಷಯ ಹೇಳಬೇಕು. ಊರು ಕಣಕಟ್ಟೆ ಕಡೆ, ಬಸ್ ಕಂಡಕ್ಟರ್. ಅವನ ಬಸ್ಸು ಬೇಲೂರಿನಲ್ಲಿ ರಾತ್ರಿ ಹಾಲ್ಟ್ ಆಗುವುದರಿಂದ ಶನಿವಾರ ಮೊದಲನೇ ಟ್ರಿಪ್ಪಿಗೆ ಮುಂಚೆ ಗುಡಿಗೆ ಬರುತ್ತಿದ್ದ. ಅವನ ಎರಡೂ ಅಂಗೈಯಲ್ಲಿ ಬೆಳ್ಳನೆಯ ಹೊಟ್ಟು ಏಳುವ ದಪ್ಪ ಪಟ್ಟೆಗಳಿದ್ದವು, ಮೊಣಕೈಯಲ್ಲೂ ಇದ್ದವು. ನನ್ನ ಕೈ ಚೆನ್ನಾಗಿದ್ದ ಕಾಲದಲ್ಲಿ, ಅಂದರೆ ನವೆ ಶುರುವಾಗುವ ಮುಂಚೆ, ಒಂದು ಶನಿವಾರ ಮಗಳನ್ನು ಕರೆದುಕೊಂಡು ಬಂದಿದ್ದ. ಎಂಟು ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ರಜೆಗೆ ಅಪ್ಪನ ಬಸ್ಸಲ್ಲಿ ಬಂದಿದ್ದಳಂತೆ. ಅವನು ಅಂಗೈ ಚಾಚಿದಾಗ ನಾನು ಎಲ್ಲರಿಗೂ ಕೇಳಿಸುವಂತೆ ಹೇಳಿದೆ: "ನಾಗದೋಷ ಕಣಯ್ಯ ಇದು. ಪರಿಹಾರ ಮಾಡಿಸ್ಕೋ. ಅಲ್ಲೀ ತನಕ ಕೈ ಕೆಳಗೆ ಹಿಡಿ."

ಅವನು ಕೈ ಕೆಳಗೆ ಹಿಡಿದ. ಬೇರೆಯವರಿಗೆ ನಾಲ್ಕು ಬೆರಳು ಎತ್ತರದಿಂದ ಕೊಡುವ ತೀರ್ಥವನ್ನು ಅವನಿಗೆ ಒಂದು ಮೊಳ ಮೇಲಿನಿಂದ ಬಿಟ್ಟೆ. ಅರ್ಧ ಅಂಗೈಗೆ ಬಿತ್ತು, ಅರ್ಧ ಮಗಳ ಲಂಗಕ್ಕೆ ಸಿಡಿಯಿತು. ಹೂವನ್ನೂ ಹಾಗೇ ಎಸೆದೆ. ಅವನು ಕಣ್ಣಿಗೆ ಒತ್ತಿಕೊಂಡು ಹೋದ. ಆಮೇಲೂ ಪ್ರತಿ ಶನಿವಾರ ಬರುತ್ತಿದ್ದ, ಸಾಲಿನ ಕೊನೆಗೆ ನಿಲ್ಲುತ್ತಿದ್ದ, ಹೇಳಿಸಿಕೊಳ್ಳದೆ ಕೈಯನ್ನು ಸೊಂಟದ ಕೆಳಗೆ ಹಿಡಿಯುತ್ತಿದ್ದ. ಭಕ್ತಿ ಅಂದರೆ ಇದು, ಎಷ್ಟು ವಿನಯ, ಅಂದುಕೊಂಡಿದ್ದೆ ನಾನು.

ಆ ಹೆಣ್ಣುಮಗಳು ಕೈ ಹಿಂದೆ ತೆಗೆದುಕೊಂಡ ದಿನವೂ ಅವನಿಗೆ ಒಂದು ಮೊಳ ಮೇಲಿನಿಂದಲೇ ಬಿಟ್ಟೆ. ನನ್ನ ಕೈ ಕಾಣದಿರಲಿ ಅಂತ.

ಸೋಮವಾರ ಅರಸೀಕೆರೆಗೆ ಹೊರಟೆ. ಅಲ್ಲಿ ನನ್ನ ಗುರುತಿನವರಿಲ್ಲ. ತುಂಬು ತೋಳಿನ ಶರಟು ಹಾಕಿ, ಹಣೆಯ ನಾಮ ಅಳಿಸಿ, ಸಾಲದ್ದಕ್ಕೆ ಕುತ್ತಿಗೆಗೆ ಮಫ್ಲರ್ ಸುತ್ತಿ, ಕಳ್ಳನ ಹಾಗೆ ಹಳೇಬೀಡು ಮೇಲೆ ಹೋಗುವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ಊರು ಬಿಟ್ಟ ಮೇಲೆ ಕಂಡಕ್ಟರ್ ಬಂದ. ರಂಗಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ನಾನು ಕೈ ಎರಡನ್ನೂ ತೊಡೆ ಸಂದಿಗೆ ಸೇರಿಸಿದೆ.

"ಐನೋರೆ, ನೀವಾ! ನಾಮ ಇಲ್ದೆ ಗುರ್ತೇ ಸಿಗ್ಲಿಲ್ಲ. ಎಲ್ಲೀಗೆ?"

"ಅರಸೀಕೆರೆ."

ದುಡ್ಡು ಕೊಡಲು ಕೈ ಹೊರಗೆ ತೆಗೆಯಲೇಬೇಕಿತ್ತು. ನೋಡಿದ. ಮಷಿನ್ನಿನಿಂದ ಟಿಕೆಟ್ ಹರಿದು, ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಅಂಗೈಗೆ ತಾಗದ ಹಾಗೆ ಮೇಲಿನಿಂದ ಬಿಟ್ಟ. ಸೇಡು ತೀರಿಸಿಕೊಂಡ, ಮಾಡಿದ್ದುಣ್ಣೋ ಮಹರಾಯ ಅಂತ ತೋರಿಸಿದ, ಅಂದುಕೊಂಡೆ.

ಅವನು ಮುಂದಿನ ಸೀಟಿಗೆ ಹೋದ. ಒಬ್ಬ ಮುದುಕಿಗೆ ಟಿಕೆಟ್ ಕೊಟ್ಟ, ಹಾಗೇ ಮೇಲಿನಿಂದ ಬಿಟ್ಟ. ಕಾಲೇಜು ಹುಡುಗನಿಗೂ ಹಾಗೇ. ಚಿಲ್ಲರೆಯನ್ನೂ ಅಂಗೈಯಿಂದ ಗೇಣು ಮೇಲೆ ಹಿಡಿದು ಉದುರಿಸುತ್ತಿದ್ದ. ಇಡೀ ಬಸ್ಸಿನಲ್ಲಿ ಒಬ್ಬರ ಕೈಯನ್ನೂ ಅವನು ಮುಟ್ಟಲಿಲ್ಲ. ಯಾರೂ ಕೈ ಹಿಂದೆಗೆಯುವ ಮೊದಲು ತಾನೇ ಅಷ್ಟು ದೂರ ಇಟ್ಟುಕೊಂಡಿದ್ದ. ಅದನ್ನು ಎಲ್ಲಿ ಕಲಿತನೆಂದು ಆ ಬಸ್ಸಿನಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಹಳೇಬೀಡು ಬಂತು, ಜನ ಇಳಿದರು, ಹತ್ತಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೇ ಇದ್ದೆ.

ಅರಸೀಕೆರೆಯಲ್ಲಿ ಇಳಿಯುವಾಗ ಅವನು ಬಾಗಿಲ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ: "ಚರ್ಮದ ಡಾಕ್ಟ್ರ ತಾವ್ಕೆ ಅಲ್ವಾ? ನಾನೂ ಅಲ್ಲೇ ತೋರ್ಸೋದು. ಮೊದ್ಲು ಹೋಗಿ ಟೋಕನ್ ಇಸ್ಕಳಿ, ಆಮ್ಯಾಕೆ ಕಾಫಿ ಕುಡೀರಿ. ಇಲ್ದಿದ್ರೆ ಮಧ್ಯಾನ ಆಯ್ತದೆ. ಆಯಮ್ಮ ಒಳ್ಳೇರು, ಬಯ್ಯಕಿಲ್ಲ."

ಕೊನೆಯ ಮಾತು ಒಂದು ಸುಳ್ಳಾಯಿತು. ಚೆನ್ನಾಗಿಯೇ ಬೈದರು.

ಹೊರಗಿನ ಬೆಂಚಿನಲ್ಲಿ ಹನ್ನೆರಡು ಜನ ಇದ್ದೆವು, ಎಲ್ಲರೂ ಏನನ್ನೋ ಮುಚ್ಚಿಕೊಂಡವರೇ. ಒಬ್ಬಳು ಸೆರಗಿನಲ್ಲಿ ಕೆನ್ನೆ ಮುಚ್ಚಿದ್ದಳು. ಒಬ್ಬ ಬಿಸಿಲಲ್ಲಿ ಸಾಕ್ಸ್ ಹಾಕಿದ್ದ. ನನ್ನ ಪಕ್ಕದ ಅಜ್ಜ ನನ್ನ ಮಫ್ಲರ್ ನೋಡಿ, "ಚಳಿಯಾ?" ಅಂದ. ನಾನು ಹೂಂ ಅಂದೆ. "ನಂಗೂ ಹಂಗೇ ಚಳಿ," ಅಂದು ತನ್ನ ಕಂಬಳಿ ಸರಿಮಾಡಿಕೊಂಡ. ಇಬ್ಬರೂ ಬೆವರುತ್ತಿದ್ದೆವು. ಎರಡು ವರ್ಷದಲ್ಲಿ ಮೊದಲ ಸಲ ನನಗೆ ನಗು ಬಂತು.

ಡಾಕ್ಟರ್ ನನ್ನ ಮಗಳ ವಯಸ್ಸಿನವರು. ನನ್ನ ಎರಡೂ ಕೈಯನ್ನು ಕೈಗವಸಿಲ್ಲದೆ ಹಿಡಿದುಕೊಂಡು ಮಗುಚಿ ನೋಡಿದರು. ಎರಡು ವರ್ಷದಲ್ಲಿ ಹಾಗೆ ಯಾರೂ ಹಿಡಿದಿರಲಿಲ್ಲ.

"ಇದು ಇಸುಬು. ಯಾರಿಗೂ ಅಂಟಲ್ಲ," ಅಂದರು. "ದಿನಕ್ಕೆ ಎಷ್ಟು ಸಲ ಕೈ ತೊಳೀತೀರಿ?"

ನಾನು ಎಣಿಸಲು ಹೊರಟೆ. ಎದ್ದಾಗ, ಸ್ನಾನಕ್ಕೆ, ಪಾತ್ರೆಗೆ, ಹೂವಿಗೆ ಮುಂಚೆ, ಗಂಧ ತೇಯ್ದ ಮೇಲೆ, ಫೋನು ಮುಟ್ಟಿದರೆ, ಹೊರಗಿನವರು ತಾಗಿದರೆ. ಮೂವತ್ತು ದಾಟಿದ ಮೇಲೆ ಅವರೇ ಸಾಕು ಅಂದರು.

"ಚರ್ಮಕ್ಕೆ ಅದರದ್ದೇ ಒಂದು ಜಿಡ್ಡಿರತ್ತೆ. ನೀವು ಅದನ್ನ ತಿಕ್ಕಿ ತಿಕ್ಕಿ ತೆಗ್ದುಬಿಟ್ಟಿದ್ದೀರಿ. ಈಗ ನೀರೂ ಉರಿಯತ್ತೆ. ಯಾವತ್ತಾದ್ರೂ ಕಮ್ಮಿ ಇರ್ತಿತ್ತಾ?"

ಬೆಣ್ಣೆ ಅಲಂಕಾರದ ದಿನ ಅಂದೆ. ಅವರು ಪೆನ್ನು ಕೆಳಗಿಟ್ಟರು. "ಸ್ವಾಮಿ, ಕಲ್ಲಿಗೆ ಎರಡು ಗಂಟೆ ಬೆಣ್ಣೆ ಹಚ್ಚೋಕೆ ತಾಳ್ಮೆ ಇದೆ, ಕೈಗೆ ಎರಡು ನಿಮಿಷ ಇಲ್ವಾ? ಹಾಗಂತ ಬೆಣ್ಣೆ ಹಚ್ಕೊಂಡು ಕೂತ್ಕೋಬೇಡಿ ಮತ್ತೆ. ನಾನು ಬರ್ದಿದ್ದು ಹಚ್ಚಿ." ಮೆಡಿಕಲ್ ಶಾಪಿನ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿಸಿ, ತಾವು ಬೇರೆ ಔಷಧ ಬರೆದು, ಇಷ್ಟೇ ದಿನ ಅಂತ ಗೆರೆ ಎಳೆದರು. ದಪ್ಪ ಜಿಡ್ಡಿನ ಮುಲಾಮು ಒಂದು ಡಬ್ಬಿ. ಸೋಪು ಬೇಡ, ಉಗುರುಬೆಚ್ಚನೆ ನೀರು ಸಾಕು, ಒರೆಸಿ ಕೈ ಹಸಿಯಿರುವಾಗಲೇ ಹಚ್ಚಬೇಕು, ಹಚ್ಚಿದ್ದನ್ನು ತೊಳೆಯಬಾರದು. ಆರು ವಾರ ಒದ್ದೆ ಕೆಲಸ ಪೂರಾ ಬಂದ್.

ಮನೆಗೆ ಬಂದು ಎಲ್ಲವನ್ನೂ ಪಾಲಿಸಿದೆ, ಎರಡನ್ನು ಬಿಟ್ಟು. ಆರು ವಾರ ಬಿಡುವು ಕೇಳಲಿಲ್ಲ. ಪೂಜೆಗೆ ಮೊದಲು ಮುಲಾಮು ತೊಳೆಯುವುದನ್ನೂ ಬಿಡಲಿಲ್ಲ. ಎರಡು ವಾರ ಕಳೆದು ಮತ್ತೆ ಹೋದಾಗ ಕೈ ಹಾಗೇ ಇತ್ತು. ಬೈಗುಳ ತಿಂದದ್ದು ಆವತ್ತು.

ಮಾರನೇ ದಿನ ನಾನು ಮಂಗಳಾರತಿಗೆ ಅಣಿ ಮಾಡುತ್ತಿದ್ದಾಗ ಸಾವಿತ್ರಿ ಮುಲಾಮಿನ ಡಬ್ಬಿ ತಂದು ಹೊಸ್ತಿಲ ಮೇಲಿಟ್ಟಳು. "ಹನುಮಪ್ಪನ ಪಾದದ ಹತ್ರ ಇಡಿ."

"ಏನೇ ಇದು, ಮೈಲಿಗೆ!"

"ಇಡಿ ಅಂದೆ. ಇಟ್ಟು ತಗೊಂಡ್ರೆ ಪ್ರಸಾದ. ಪ್ರಸಾದ ತೊಳ್ಕೊಳ್ಳೋ ಅಷ್ಟು ದೊಡ್ಡೋರಾ ನೀವು?"

ಮೂವತ್ತು ವರ್ಷ ಶಾಸ್ತ್ರ ಹೇಳಿದವನು ಅವಳ ಶಾಸ್ತ್ರ ಕೇಳಿದೆ. ಇಟ್ಟೆ. ಒಂದು ತುಳಸಿದಳವನ್ನೂ ಹಾಕಿದೆ. ಆಮೇಲೆ ನಾನೇ ಹೋಗಿ ಸಮಿತಿಯ ಅಧ್ಯಕ್ಷರಾದ ನಂಜೇಗೌಡರ ಮುಂದೆ ಎರಡೂ ಕೈ ಚಾಚಿ ತೋರಿಸಿದೆ. ಗೌಡರು ಕನ್ನಡಕ ಹಾಕಿಕೊಂಡು ನೋಡಿದರು.

"ಅಯ್ಯಯ್ಯೋ, ಇದ್ರಾಗೆ ಇಷ್ಟು ದಿನ ಹೆಂಗ್ ಪೂಜೆ ಮಾಡಿದ್ರಿ ಸ್ವಾಮಿ? ವಾಸಿ ಮಾಡ್ಕಂಡು ಬನ್ನಿ. ನಿಮ್ಮ ಚಿಕ್ಕಪ್ಪನ ಮಗ ಅವ್ನಲ್ಲ, ಅವ್ನ ಕರುಸ್ರಿ. ಹನುಮಪ್ಪ ಎಲ್ಲೂ ಓಡಿಹೋಗಕಿಲ್ಲ."

ಅಷ್ಟೇ. ಎರಡು ವರ್ಷ ನಿದ್ದೆಗೆಡಿಸಿದ ಭಯ ಮೂರು ಮಾತಲ್ಲಿ ಮುಗಿಯಿತು. ನನಗೆ ಸಂತೋಷವಾಗಬೇಕಿತ್ತು. ಆದರೆ ಮನೆಗೆ ನಡೆಯುವಾಗ ರಂಗಪ್ಪನೇ ಕಣ್ಮುಂದೆ. ಗೌಡರು ನನಗೆ ತೋರಿಸಿದ ಕರುಣೆಯನ್ನು ನಾನು ಅವನಿಗೆ ತೋರಿಸಿರಲಿಲ್ಲ. ಅದೂ ಮಗಳ ಮುಂದೆ.

ಮುಂದಿನ ಶನಿವಾರ ಗುಡಿಯ ಒಳಗೆ ನನ್ನ ಚಿಕ್ಕಪ್ಪನ ಮಗ, ಹೊರಗೆ ಸಾಲಿನ ಕೊನೆಯಲ್ಲಿ ನಾನು, ಕೈಗೆಲ್ಲ ಪ್ರಸಾದದ ಮುಲಾಮು. ನನ್ನ ಮುಂದೆ ರಂಗಪ್ಪ. ಅವನು ತಿರುಗಿ ನೋಡಿ ಜಾಗ ಬಿಟ್ಟುಕೊಡಲು ಹೋದ. ನಾನು ಬೇಡ ಅಂದೆ.

"ರಂಗಪ್ಪ, ಆವತ್ತು ನಿನ್ನ ಮಗಳ ಮುಂದೆ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತಪ್ಪ."

ಮರೆತಿರಬಹುದು ಎಂಬ ಆಸೆ ನನಗಿತ್ತು. ಅವನು ಯಾವತ್ತು ಅಂತ ಕೇಳಲಿಲ್ಲ.

"ಬಿಡಿ ಐನೋರೆ. ನಂಗೆ ಅಭ್ಯಾಸ ಆಗೈತೆ," ಅಂದ. ಸಾಲಿನಲ್ಲಿ ಒಂದು ಹೆಜ್ಜೆ ಮುಂದಕ್ಕೆ ಸರಿದು, "ಮಗೀಗೇ ಆಗ್ಲಿಲ್ಲ. ಬಸ್ಸಲ್ಲಿ ಕೇಳ್ತು, ಅಪ್ಪ, ನೀನು ಏನ್ ತಪ್ಪು ಮಾಡಿದ್ದೆ ಅಂತ. ಏನಂತ ಹೇಳಾನ? ಆವತ್ತಿಂದ ಕರುದ್ರೆ ಬರಕಿಲ್ಲ, ನೀನೇ ಹೋಗು ಅಂತದೆ," ಅಂದ.

ಜೋರು ಬಾಯಿ ಆವತ್ತು ಯಾವ ಕೆಲಸಕ್ಕೂ ಬರಲಿಲ್ಲ.

ಕೈ ವಾಸಿಯಾಗಲು ಆರು ವಾರವಲ್ಲ, ಮೂರು ತಿಂಗಳು ಹಿಡಿಯಿತು. ಮೊದಲು ಉರಿ ಹೋಯಿತು, ಆಮೇಲೆ ಬಿರುಕು ಕೂಡಿಕೊಂಡಿತು. ಒಂದು ದಿನ ಸಾರನ್ನ ಕಲಸಿ ತಿಂದೆ. ಸಾವಿತ್ರಿ ನೋಡಿಯೂ ನೋಡದ ಹಾಗೆ ಇನ್ನೊಂದು ಸೌಟು ಹಾಕಿದಳು. ಪೂರ್ತಿ ಹೋಗುವ ಕಾಯಿಲೆಯಲ್ಲ, ಮಾಗಿ ಬಂದರೆ ಮತ್ತೆ ಎಚ್ಚರ ತಪ್ಪಬಾರದು. ಹಿತ್ತಾಳೆ ಉಜ್ಜಲು ಈಗ ನೂಲಿನ ಕೈಗವಸಿನ ಮೇಲೆ ರಬ್ಬರಿನದು ಹಾಕುತ್ತೇನೆ. ಜಿಡ್ಡಿಗೆ ಗಂಟೆ ಜಾರಿ ಎರಡು ಸಲ ಕಾಲ ಮೇಲೆ ಬಿದ್ದಿದೆ. ಮೈಮೇಲಿನ ಕಲೆ ತೋರಿಸಲು ಯಾರಾದರೂ ಬಂದರೆ ನಾಗನ ಸುದ್ದಿ ಎತ್ತುವುದಿಲ್ಲ. ಅರಸೀಕೆರೆಯ ಬಸ್ಸಿನ ಹೊತ್ತು ಹೇಳಿ, ಮೊದಲು ಟೋಕನ್ ತಗೊಳ್ಳಿ ಅನ್ನುತ್ತೇನೆ.

ನಾನು ಮತ್ತೆ ಪೂಜೆಗೆ ನಿಂತ ಮೊದಲ ಶನಿವಾರ ಉತ್ತರೀಯವನ್ನು ಹೆಗಲ ಮೇಲೆ ಹಾಕಿ ಕೈ ಬಿಟ್ಟುಕೊಂಡೇ ತೀರ್ಥ ಕೊಟ್ಟೆ. ಕೊನೆಗೆ ರಂಗಪ್ಪ ಬಂದ. ಅಂಗೈ ಎಂದಿನಂತೆ ಸೊಂಟದ ಕೆಳಗೆ. "ಮೇಲೆ ಹಿಡಿಯಪ್ಪ," ಅಂದೆ. ಹಿಡಿದ. ಆದರೆ ನಾನು ಉದ್ಧರಣೆ ತರುವಷ್ಟರಲ್ಲಿ ಅವನಿಗೇ ಗೊತ್ತಿಲ್ಲದೆ ಕೈ ಮತ್ತೆ ಕೆಳಗಿಳಿದಿತ್ತು. ಇನ್ನೊಂದು ಸಲ ಹೇಳಲು ನನಗೆ ಮುಖವಿರಲಿಲ್ಲ. ನಾನೇ ಬಗ್ಗಿದೆ. ಸೊಂಟ ಹಿಡಿದುಕೊಳ್ಳುವಷ್ಟು ಬಗ್ಗಿ, ಎಡಗೈಯಿಂದ ಅವನ ಕೈಯನ್ನು ಕೆಳಗಿನಿಂದ ಹಿಡಿದು, ಉದ್ಧರಣೆ ಅಂಗೈಗೆ ತಾಗಿಸಿ ತೀರ್ಥ ಬಿಟ್ಟೆ. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಒಂದು ಹನಿಯೂ ಆಚೆ ಹೋಗಲಿಲ್ಲ.

ಈಗಲೂ ಪ್ರತಿ ಶನಿವಾರ ಹಾಗೇ ಬಗ್ಗುತ್ತೇನೆ. ಹೂವು ಕೊಡುವಾಗ ಎರಡು ಕೊಡುತ್ತೇನೆ, ಒಂದು ಮಗಳಿಗೆ. ಅವನು ಎರಡನ್ನೂ ಟಿಕೆಟ್ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಅವಳು ಇನ್ನೂ ಬಂದಿಲ್ಲ.